ಕ್ರಿಪ್ಟಿಕ್ ಕ್ರಾಸ್‌ವರ್ಡ್ ಒಬ್ರೇ ಕೂತು ಬಿಡಿಸಬೇಕಾ, ಗುಂಪಲ್ಲಾ?

ನೀವು ಕೇಳಿರೋದು ಎರಡು. ಇಂಗ್ಲಿಷ್ ಪೇಪರಿನ ಕ್ರಿಪ್ಟಿಕ್ ಕ್ಲೂ ಒಂದೂ ತಲೆಗೆ ಹತ್ತಲ್ಲ, ಎಲ್ಲಿಂದ ಹಿಡೀಬೇಕು ಅಂತ, ಆಮೇಲೆ ನಾಕು ಜನ ಸೇರ್ಕೊಂಡು ಬಿಡಿಸಿದ್ರೆ ಮಜಾ ಹಾಳಾಗಲ್ವಾ ಅಂತ. ನನ್ನ ಪ್ರಕಾರ ಬಿಡಿಸೋದು ಒಬ್ರೇ, ಜಗಳ ಆಡೋದು ಗುಂಪಲ್ಲಿ. ಜಗಳ ಆಡಕ್ಕೆ ಜನ ಸಿಕ್ರೆ ಬಿಡಿಸೋದು ತಾನಾಗೇ ಬರತ್ತೆ.

ಮೊದಲು ಬುಡ ಗೊತ್ತಿರ್ಲಿ. ಕ್ಲೂನ ಒಂದು ತುದೀಲಿ, ಶುರುವಲ್ಲೋ ಕೊನೇಲೋ, ನೇರ ಅರ್ಥ ಇರತ್ತೆ, ಉಳಿದಿದ್ದು ಅದೇ ಉತ್ತರನ ಅಕ್ಷರದ ಆಟದಿಂದ ಕಟ್ಟಿಕೊಡತ್ತೆ. ಓದಿದ ತಕ್ಷಣ ಒಂದು ಕಥೆ ಕಾಣತ್ತಲ್ಲ, ಅದನ್ನ ನಂಬಿದ್ರಿ ಅಂದ್ರೆ ಕೆಟ್ರಿ. ಕನ್ನಡದಲ್ಲೇ ಹೇಳ್ತೀನಿ, ಇವೆಲ್ಲ ನಾವೇ ಮಾಡ್ಕೊಂಡಿದ್ದು: "ಆರು ಅಡಿ ಕೆಳಗೆ ಅಡಗಿದೆ ಮಲೆನಾಡಿನ ಬೆಳೆ (3)". ಬ್ರಾಕೆಟ್ಟಲ್ಲಿರೋದು ಉತ್ತರಕ್ಕೆ ಎಷ್ಟು ಅಕ್ಷರ ಅಂತ. ಓದಿದ್ರೆ ಯಾರೋ ಗುಂಡಿ ತೋಡ್ತಿದಾರೆ ಅನ್ಸತ್ತೆ, ಆದ್ರೆ "ಅಡಗಿದೆ" ಅನ್ನೋದು ಸೂಚನೆ, "ಅಡಿ ಕೆಳಗೆ" ಅನ್ನೋದರೊಳಗೇ ನೋಡಿ, ಅಡಿಕೆ ಕೂತಿದೆ. "ಜೋಗಕ್ಕೆ ಹೋಗೋ ದಾರೀಲಿ ಸಿಗೋ ಸಮುದ್ರ (3)", ಇದು ಡಬಲ್ ಡೆಫಿನಿಷನ್, ಅಂದ್ರೆ ಅಕ್ಷರದ ಆಟ ಇಲ್ಲ, ಒಂದೇ ಉತ್ತರಕ್ಕೆ ಎರಡು ಅರ್ಥ, ಸಾಗರ. ಶಿವಮೊಗ್ಗದೋರಿಗೆ ಎರಡು ಸೆಕೆಂಡು, ಬೆಂಗಳೂರಿನೋರು ಸ್ವಲ್ಪ ಒದ್ದಾಡ್ತಾರೆ.

ಇಂಗ್ಲಿಷಲ್ಲೂ ಅಷ್ಟೇ, ಅಲ್ಲಿ ಇನ್ನೊಂದಿಷ್ಟು ವಾಡಿಕೆ ಕಲೀಬೇಕು. ಫ್ಲವರ್ ಅಂದ್ರೆ ಹೂವು ಅಂತ ಹೋಗ್ಬೇಡಿ, ಫ್ಲೋ ಆಗೋದು, ಅಂದ್ರೆ ಎಷ್ಟೋ ಸಲ ನದಿ. ವರ್ಕರ್ ಅಂದ್ರೆ ಇರುವೆ ಇಲ್ಲಾ ಜೇನುಹುಳ, ಸೇಲರ್ ಅಂದ್ರೆ ಟಾರ್ ಅಥವಾ ಎಬಿ, ಎರಡೂ ಇಂಗ್ಲಿಷಲ್ಲಿ ನಾವಿಕನಿಗೆ ಇರೋ ಬೇರೆ ಹೆಸರು. ಕ್ರಿಕೆಟ್ಟಿನದ್ದಂತೂ ರಾಶಿ ರಾಶಿ, ಡಕ್ ಅಂದ್ರೆ ಸೊನ್ನೆ ಹಂಗಾಗಿ ಓ, ಮೇಡನ್ ಅಂದ್ರೆ ಎಂ, ಆನ್ ಅಂದ್ರೆ ಲೆಗ್. ಕ್ರಿಕೆಟಿಗ ಜಿ.ಆರ್. ವಿಶ್ವನಾಥ್ ಹುಟ್ಟಿದ ಭದ್ರಾವತಿ ಪಕ್ಕದಲ್ಲಿ ಇರೋ ನಮಗೆ ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ ಬಿಡಿ. ದಿ ಹಿಂದೂಲಿ 1971ರಿಂದ ಕ್ರಾಸ್‌ವರ್ಡ್ ಬರ್ತಿದೆ, ಗ್ರಿಡ್‌ಮನ್, ಆರ್ಡೆನ್ ಅಂತೆಲ್ಲ ಗುಪ್ತನಾಮ ಇಟ್ಕೊಂಡು ಮಾಡ್ತಾರೆ, ಒಬ್ಬೊಬ್ಬರದ್ದು ಒಂದೊಂದು ಬುದ್ಧಿ, ಸ್ವಲ್ಪ ದಿನ ಹೋದ್ರೆ ಹೆಸರು ನೋಡೇ ಇವತ್ತು ಕಷ್ಟ ಇದೆ ಅಂತ ಗೊತ್ತಾಗ್ಬಿಡತ್ತೆ.

ಈಗ ಗುಂಪಿನ ವಿಷಯ. ನಾವು ಐದಾರು ಜನ ಇದೀವಿ. ರಿಟೈರಾದ ಲೆಕ್ಕದ ಮೇಷ್ಟ್ರು, ದುರ್ಗಿಗುಡಿ ಹತ್ರ ಮೆಡಿಕಲ್ ಶಾಪ್ ಇಟ್ಕೊಂಡಿರೋರು, ಸಾಗರದಿಂದ ದಿನಾ ಬಸ್ಸಲ್ಲಿ ಬ್ಯಾಂಕಿಗೆ ಬರೋ ಅಕ್ಕ, ತೀರ್ಥಹಳ್ಳಿ ಕಡೆ ತೋಟದಲ್ಲಿರೋ ನಮ್ಮ ಭಾವ, ಹಿಂಗೆ. ವಾಟ್ಸಾಪ್ ಗ್ರೂಪಲ್ಲಿ ಒಂದೇ ನಿಯಮ, ಸಂಜೆ ಏಳರ ತನಕ ಯಾರೂ ಉತ್ತರ ಹಾಕೋ ಹಂಗಿಲ್ಲ. ಸಿಕ್ಕಾಕ್ಕೊಂಡ್ರೆ "ಫೋರ್ಟೀನ್ ಅಕ್ರಾಸ್ ಅರ್ಥ ಯಾವ ಕಡೆ?" ಅಂತ ಕೇಳ್ಬೋದು, ಎಡಗಡೆ ಬಲಗಡೆ ಅಂತ ಅಷ್ಟೇ ಉತ್ತರ ಬರತ್ತೆ. ಅದಕ್ಕೂ ಆಗ್ಲಿಲ್ಲಾಂದ್ರೆ ಯಾವ ಜಾತಿ ಅಂತ ಕೇಳ್ಬೋದು, ಅನಾಗ್ರಾಮಾ (ಅಕ್ಷರ ಕಲಸಿ ಬೇರೆ ಪದ ಮಾಡೋದು), ಅಡಗಿದ್ದಾ, ಉಲ್ಟಾನಾ. ಅಕ್ಷರ ಕೊಡೋದು ಕಟ್ಟಕಡೆಗೆ. ಹೊಸಬರಿಗೆ ಇದಕ್ಕಿಂತ ಒಳ್ಳೆ ಪಾಠ ನನಗಂತೂ ಗೊತ್ತಿಲ್ಲ, ಯಾಕಂದ್ರೆ ಉತ್ತರ ಹೇಳಿಬಿಟ್ರೆ ಆ ಒಂದು ಕ್ಲೂ ಮುಗೀತು, ಅರ್ಥ ಯಾವ ಕಡೆ ಅಂತ ಹುಡುಕೋ ಚಾಳಿ ಬಂದ್ರೆ ನಾಳೆದ್ದಕ್ಕೂ ಬರತ್ತೆ.

ಏಳು ಗಂಟೆ ಆದ್ಮೇಲೆ ಅಸಲಿ ಕಾರ್ಯಕ್ರಮ. ಅಡ್ಡಡ್ಡ ಉದ್ದುದ್ದ ಬಂದ ಅಕ್ಷರ ನೋಡಿ ಅಂದಾಜಲ್ಲಿ ತುಂಬಿದೋರು ಆಗ ಸಿಕ್ಕಿಬೀಳ್ತಾರೆ, "ಉತ್ತರ ಸರಿ, ಯಾಕೆ ಅಂತ ಹೇಳಿ ನೋಡೋಣ" ಅಂತ ಮೇಷ್ಟ್ರು ಕೂರಿಸಿಕೊಂಡು ಕೇಳ್ತಾರೆ. ಒಂದು ಸಲ ಅಕ್ಕ ಹಿಂಗೊಂದು ಕ್ಲೂ ಮಾಡಿ ಹಾಕಿದ್ರು: "ತುಂಗೆ ಹಿಂದಕ್ಕೆ ಹರಿಯುವ ದಿವಸ (2)". ತುಂಗೆ ಅಂದ್ರೆ ನದಿ, ಹಿಂದುಮುಂದು ಮಾಡಿದ್ರೆ ದಿನ, ದಿವಸ ಅಂದ್ರೂ ಅದೇ. ನಾವೆಲ್ಲ ಆಹಾ ಅಂತಿದ್ವಿ, ಮೇಷ್ಟ್ರು ಮಾತ್ರ ಒಪ್ಪಲಿಲ್ಲ. ತುಂಗೆ ನದಿಗೆ ಒಂದು ಉದಾಹರಣೆ ಅಷ್ಟೇ, ಭದ್ರೆ ಇಲ್ವಾ ಶರಾವತಿ ಇಲ್ವಾ, ಉದಾಹರಣೆ ಕೊಟ್ಟು ಜಾತಿ ಕೇಳೋದಾದ್ರೆ ಒಂದು ಪ್ರಶ್ನೆ ಚಿಹ್ನೆನಾದ್ರೂ ಹಾಕ್ಬೇಕು ಅಂತ ಅವರ ವಾದ. ಶಾಸ್ತ್ರದ ಪ್ರಕಾರ ಅವರು ಹೇಳಿದ್ದು ಹೌದು, ಇಂಗ್ಲಿಷಲ್ಲೂ ಕಟ್ಟುನಿಟ್ಟಿನೋರು ಹಂಗೇ ಹೇಳ್ತಾರೆ. ಅಕ್ಕ ಮಾತ್ರ "ಶಿವಮೊಗ್ಗದಲ್ಲಿ ಕೂತು ನದಿ ಅಂದ್ರೆ ತುಂಗೆನೇ, ಚಿಹ್ನೆ ಯಾಕೆ ಮೇಷ್ಟ್ರೇ" ಅಂತ ಜಗ್ಗಲಿಲ್ಲ. ಮಳೆಗಾಲದ ತಾಳಮದ್ದಲೆ ಕೇಳಿದೋರಿಗೆ ಈ ರುಚಿ ಗೊತ್ತಿರತ್ತೆ, ಕಥೆ ಎಲ್ಲರಿಗೂ ಗೊತ್ತು, ಆದ್ರೂ ಅರ್ಥಧಾರಿಗಳು ಒಂದು ಪದ ಹಿಡ್ಕೊಂಡು ಎಳೆದಾಡೋದು ಕೇಳಕ್ಕೇ ಜನ ನಿದ್ದೆಗೆಟ್ಟು ಕೂತಿರ್ತಾರೆ.

ಕನ್ನಡದಲ್ಲೇ ಪೂರಾ ಕ್ರಿಪ್ಟಿಕ್ ಯಾಕಿಲ್ಲ ಅಂತ ಮುಂದೆ ಕೇಳೇ ಕೇಳ್ತೀರಿ. ನಮ್ಮ ಪದಬಂಧಕ್ಕೇನು ಕಮ್ಮಿ ಇಲ್ಲ, ಅ.ನ. ಪ್ರಹ್ಲಾದರಾವ್ ಒಬ್ಬರೇ ಸಾವಿರಾರು ಮಾಡಿದಾರೆ. ಆದ್ರೆ ನಮ್ಮಲ್ಲಿ ಒಂದು ಮನೆಗೆ ಒಂದಿಡೀ ಅಕ್ಷರ, ಕಾಗುಣಿತ ಒತ್ತು ಎಲ್ಲ ಸೇರಿ. ಸೈಲೆಂಟ್‌ನ ಆರು ಇಂಗ್ಲಿಷ್ ಅಕ್ಷರ ಕಲಸಿದ್ರೆ ಲಿಸನ್, ಎನ್‌ಲಿಸ್ಟ್, ಟಿನ್ಸೆಲ್ ಎಲ್ಲ ಹೊರಡತ್ತೆ. ನೀವು ತೀರ್ಥಹಳ್ಳಿ ಕಲಸಿ ಏನಾದ್ರೂ ತೆಗೀರಿ ನೋಡೋಣ, ರ್ಥ, ಳ್ಳಿ ಇಟ್ಕೊಂಡು ಎಂತ ಮಾಡ್ತೀರಿ ಮಾರಾಯ್ರೇ. ಹಂಗಾಗಿ ಕನ್ನಡದಲ್ಲಿ ಅನಾಗ್ರಾಮ್ ಬಡವಾಗತ್ತೆ, ಆದ್ರೆ ಅಡಗಿಸೋದು, ತಿರುಗಿಸೋದು, ಶ್ಲೇಷ ಇವೆಲ್ಲ ಭರ್ಜರಿಯಾಗಿ ಬರತ್ತೆ. ಇಂಗ್ಲಿಷಿನ ಮಾದರಿನ ಹಂಗಂಗೇ ತರಕ್ಕೆ ಹೋದ್ರೆ ಕೆಲಸ ಕೆಡತ್ತೆ ಅಂತ ನನ್ನ ಅಭಿಪ್ರಾಯ.

ನೀವು ಶುರು ಮಾಡೋದಾದ್ರೆ ಮೊದಲು ನಿನ್ನೆಯ ಕ್ರಾಸ್‌ವರ್ಡ್ ಇಟ್ಕೊಳಿ, ಇವತ್ತಿನ ಪೇಪರಲ್ಲಿ ಉತ್ತರ ಇರತ್ತೆ, ಉತ್ತರ ನೋಡ್ಕೊಂಡು ಅದು ಹೆಂಗೆ ಬಂತು ಅಂತ ಹಿಂದಿನಿಂದ ಬಿಚ್ಚಿ. ಆ್ಯಪಲ್ಲಿರೋ ರಿವೀಲ್ ಬಟನ್ ಕಡೆ ಬೆರಳು ಹೋಗ್ದೇ ಇರ್ಲಿ. ಜೊತೆಗೆ ಒಬ್ರು ಸಿಕ್ರೂ ಸಾಕು, ದೂರ ಇದ್ರೂ ನಡೀತದೆ. ನಮ್ಮ ಭಾವನ ಕಡೆ ಜುಲೈ ಬಂತು ಅಂದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಮೂರು ದಿನದ್ದು ಪೇಪರಲ್ಲೇ ಬಿಡಿಸಿ ಇಟ್ಟು ಸಿಗ್ನಲ್ ಬಂದ ಕೂಡಲೇ ಒಟ್ಟಿಗೆ ಸುರೀತಾರೆ, ನಾವೆಲ್ಲ ಒಪ್ಪಿ ಮುಗಿಸಿದ ಕ್ಲೂಗೆ "ಇದು ಸರಿ ಇಲ್ಲ" ಅಂತ ತಕರಾರು ಬೇರೆ, ಮೇಷ್ಟ್ರು ಟೈಪಿಂಗ್ ಅಂತ ಆಗಲೇ ತೋರಿಸ್ತಿರತ್ತೆ.