ಬಾಣ ಇದ್ದರೂ ಕರೆಂಟ್ ಯಾಕೆ ಸದಿಶ ಅಲ್ಲ?

ಪ್ರಶ್ನೆ: ಬರೀ ಪ್ರಮಾಣ ಇದ್ದರೆ ಅದಿಶ, ಜೊತೆಗೆ ದಿಕ್ಕೂ ಇದ್ದರೆ ಸದಿಶ ಅಂತ ಕಲಿತಿದ್ದೇನೆ. ಕರೆಂಟಿಗೂ ದಿಕ್ಕು ಇದೆ, ಸರ್ಕ್ಯೂಟ್ ಚಿತ್ರದಲ್ಲಿ ಬಾಣ ಹಾಕುತ್ತೇವೆ. ಆದರೂ ಪುಸ್ತಕದಲ್ಲಿ ಅದು ಅದಿಶ ಅಂತಿದೆ. ಮೇಷ್ಟ್ರನ್ನು ಕೇಳಿದರೆ ‘ಸುಮ್ನೆ ನೆನಪಿಟ್ಕೋ’ ಅಂದರು. ಪುಸ್ತಕ ತಪ್ಪಾ?

ಉತ್ತರ: ಪುಸ್ತಕ ಸರಿ ಇದೆ, ನೀವು ಕಲಿತ ವ್ಯಾಖ್ಯೆ ಅರ್ಧ ಮಾತ್ರ. ದಿಕ್ಕು ಇದ್ದರೆ ಸಾಲದು, ಕೂಡಿಸುವಾಗ ಆ ದಿಕ್ಕು ಲೆಕ್ಕಕ್ಕೆ ಬರಬೇಕು.

ಒಂದು ಪೆಟ್ಟಿಗೆಗೆ ಎರಡು ಹಗ್ಗ ಕಟ್ಟಿ, ಒಂದನ್ನು 3 ನ್ಯೂಟನ್, ಇನ್ನೊಂದನ್ನು 4 ನ್ಯೂಟನ್ ಬಲದಿಂದ ಎಳೆಯಿರಿ. ಎರಡನ್ನೂ ಒಂದೇ ಕಡೆ ಎಳೆದರೆ ಒಟ್ಟು 7, ಎದುರುಬದುರು ಎಳೆದರೆ 1, ಒಂದಕ್ಕೊಂದು ಲಂಬವಾಗಿ ಎಳೆದರೆ 5, ಅದೂ ಎರಡು ಹಗ್ಗಗಳ ನಡುವೆ ಎಲ್ಲೋ, 4 ನ್ಯೂಟನ್ ಹಗ್ಗದ ಕಡೆ ಸ್ವಲ್ಪ ಜಾಸ್ತಿ ವಾಲಿಕೊಂಡು. ಬಲಗಳು ಅವೇ. ಕೋನ ಬದಲಾಯಿತು, ಉತ್ತರವೂ ಬದಲಾಯಿತು.

ಈಗ ಎರಡು ತಂತಿ ತಗೊಳ್ಳಿ. ಒಂದರಲ್ಲಿ 3 ಆಂಪಿಯರ್, ಇನ್ನೊಂದರಲ್ಲಿ 4 ಆಂಪಿಯರ್ ಬಂದು ಒಂದು ಕಡೆ ಕೂಡಿ ಮೂರನೇ ತಂತಿಗೆ ಹೋಗುತ್ತದೆ. ಮೂರನೆಯದರಲ್ಲಿ 7 ಆಂಪಿಯರ್. ತಂತಿಗಳನ್ನು ಹೇಗೆ ಬೇಕಾದರೂ ಬಗ್ಗಿಸಿ, ಯಾವ ಕೋನದಲ್ಲಾದರೂ ಸೇರಿಸಿ, 5 ಬರೋದೇ ಇಲ್ಲ. ಯಾಕಂದರೆ ಇದು ಎಣಿಕೆ, ಸೆಕೆಂಡಿಗೆ ಎಷ್ಟು ವಿದ್ಯುದಾವೇಶ ಒಳಗೆ ಬಂತೋ ಅಷ್ಟೇ ಹೊರಗೆ ಹೋಗಬೇಕು. ಜರ್ಮನಿಯ ಭೌತವಿಜ್ಞಾನಿ ಕಿರ್ಚಾಫ್ 1845ರಲ್ಲಿ ಹೇಳಿದ್ದು ಇದನ್ನೇ. ನೀವು ಹಾಕುವ ಬಾಣ ತಂತಿಯ ಎರಡು ತುದಿಗಳಲ್ಲಿ ಯಾವ ಕಡೆಗೆ ಅಂತಷ್ಟೇ ಹೇಳುತ್ತದೆ, ಪ್ಲಸ್ ಮೈನಸ್ ಇದ್ದ ಹಾಗೆ.

ಇನ್ನೊಂದು ಮಜಾ ನೋಡಿ. ತಿರುಗಿಸುವುದಕ್ಕೂ ಪ್ರಮಾಣ ಇದೆ, 90 ಡಿಗ್ರಿ ಅಂತೇವೆ. ಯಾವ ಅಕ್ಷದ ಸುತ್ತ ಅನ್ನುವ ದಿಕ್ಕೂ ಇದೆ. ಸದಿಶ ಇರಬೇಕಲ್ವಾ? ಪುಸ್ತಕವನ್ನು ಮುಖಪುಟ ಮೇಲೆ, ಬೈಂಡಿಂಗ್ ಎಡಕ್ಕೆ ಬರುವ ಹಾಗೆ ಮೇಜಿನ ಮೇಲಿಡಿ. ಮೊದಲು ಮಲಗಿದ್ದ ಹಾಗೇ ಗಡಿಯಾರದ ಮುಳ್ಳಿನಂತೆ ಕಾಲು ಸುತ್ತು ತಿರುಗಿಸಿ, ಆಮೇಲೆ ಆಚೆ ಅಂಚನ್ನು ಎತ್ತಿ ಮುಖಪುಟ ನಿಮ್ಮ ಕಡೆ ಬರುವ ಹಾಗೆ ನಿಲ್ಲಿಸಿ. ಬೈಂಡಿಂಗ್ ಮೇಲೆ ಬಂತು. ಈಗ ಮೊದಲಿನ ಹಾಗೇ ಇಟ್ಟು, ಮೊದಲು ನಿಲ್ಲಿಸಿ, ಆಮೇಲೆ ನಿಂತ ಹಾಗೇ ಮೇಲಿಂದ ನೋಡುತ್ತಾ ಅದೇ ಕಾಲು ಸುತ್ತು ತಿರುಗಿಸಿ. ಬೈಂಡಿಂಗ್ ಆಚೆ ಕಡೆ ಹೋಯಿತು! 3ಕ್ಕೆ 4 ಕೂಡಿಸಿದರೂ 4ಕ್ಕೆ 3 ಕೂಡಿಸಿದರೂ ಬಲಗಳಲ್ಲಿ ಉತ್ತರ ಒಂದೇ. ಇಲ್ಲಿ ಹಾಗಾಗಲಿಲ್ಲ, ಹಾಗಾಗಿ ಇದು ಸದಿಶ ಅಲ್ಲ. ತಿರುಗಿಸುವುದು ತೀರಾ ಚಿಕ್ಕದಾಗುತ್ತಾ ಹೋದರೆ ಮಾತ್ರ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಅದಕ್ಕೇ ಕೋನೀಯ ವೇಗವನ್ನು, ಅಂದರೆ ಯಾವ ಅಕ್ಷದ ಸುತ್ತ ಎಷ್ಟು ಬೇಗ ತಿರುಗುತ್ತಿದೆ ಅನ್ನುವುದನ್ನು, ಸದಿಶದ ಪಟ್ಟಿಗೆ ಸೇರಿಸಿದ್ದಾರೆ.