ಬೆಲ್ಟಿನ ಕಪ್ಪು ಅಂಗಿಗೆ ಹತ್ತದಂತೆ

ಪ್ರಶ್ನೆ: ಅಥಣಿಯಿಂದ ತೊಗಲು ತರಿಸಿ ಬೆಲ್ಟ್ ಮಾಡಿದೆ. ಸ್ಪಿರಿಟ್ ಬಣ್ಣ ಹಚ್ಚಿದರೆ ಪಟ್ಟೆ ಪಟ್ಟೆಯಾಗಿದೆ, ಅಂಗಿಗೂ ಕಪ್ಪು ಹತ್ತುತ್ತಿದೆ. ಮೇಲೆ ವಾರ್ನಿಶ್ ಹೊಡೆಯಲೇ?

ಉತ್ತರ: ವಾರ್ನಿಶ್ ಖಂಡಿತ ಬೇಡ. ಬೆಲ್ಟ್ ಬಾಗಿದಲ್ಲೆಲ್ಲ ಬಿರುಕು ಬಿಡುತ್ತದೆ. ಅಂಗಿಗೆ ಹತ್ತುತ್ತಿರುವುದು ತೊಗಲಿನೊಳಗೆ ಇಳಿಯದೆ ಮೇಲೆಯೇ ಒಣಗಿದ ಬಣ್ಣದ ಪುಡಿ. ಒಣ ಹತ್ತಿಬಟ್ಟೆಯಿಂದ ಒತ್ತಿ ಉಜ್ಜಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವ ತನಕ ಬಿಡಬೇಡಿ; ಬಹಳ ಜನ ಅವಸರ ಮಾಡುವುದು ಇಲ್ಲೇ. ಆಮೇಲೆ ತೆಳುವಾಗಿ ಎಣ್ಣೆ, ಮರುದಿನ ಜೇನುಮೇಣ. ಇನ್ನು ಪಟ್ಟೆ: ಒಣ ತೊಗಲಿನಲ್ಲಿ ಬಣ್ಣ ಬಿದ್ದಲ್ಲೇ ಇಂಗುತ್ತದೆ. ಮುಂದಿನ ಸಲ ಒದ್ದೆ ಸ್ಪಂಜಿನಿಂದ ತುಸು ತೇವ ಮಾಡಿ, ತೆಳುವಾಗಿಸಿದ ಬಣ್ಣವನ್ನು ಒಮ್ಮೆ ಉದ್ದಕ್ಕೆ, ಇನ್ನೊಮ್ಮೆ ಅಡ್ಡಕ್ಕೆ ಹಚ್ಚಿ.

ಆದರೆ ಕಪ್ಪಿಗೆ ನಾನು ಹೇಳುವುದು ಬೇರೆಯೇ ದಾರಿ. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿಯ ತೊಗಲನ್ನು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡುತ್ತಾರೆ. ಅದರಲ್ಲಿರುವ ಟ್ಯಾನಿನ್‌ಗೆ, ಅಂದರೆ ತೊಗಟೆ ಕಾಯಿಗಳ ಒಗರು ಸತ್ವಕ್ಕೆ, ಕಬ್ಬಿಣ ಸೇರಿದರೆ ತೊಗಲಿನೊಳಗೇ ಕಪ್ಪು ಹುಟ್ಟುತ್ತದೆ, ಉಜ್ಜಿದರೂ ಹೋಗದು. ಕಲಂಕಾರಿಯವರು ಬೆಲ್ಲದ ನೀರಲ್ಲಿ ಕಬ್ಬಿಣ ಕೊಳೆಹಾಕಿ, ಅಳಲೆಕಾಯಿ ಉಣಿಸಿದ ಬಟ್ಟೆಯ ಮೇಲೆ ಕಪ್ಪು ಗೆರೆ ಎಳೆಯುವುದೂ ಹೀಗೆಯೇ.

ಗಾಜಿನ ಭರಣಿಯಲ್ಲಿ ಬಿಳಿ ವಿನೆಗರ್ ಹಾಕಿ, ಸೋಪಿನ ನೀರಲ್ಲಿ ಎಣ್ಣೆ ತೊಳೆದ ಸ್ಟೀಲ್ ವೂಲ್ (ಉಕ್ಕಿನ ಸಣ್ಣ ಎಳೆಗಳ ಉಂಡೆ) ಮುಳುಗಿಸಿಡಿ. ಸ್ಟೇನ್‌ಲೆಸ್ ಆಗದು, ಕಬ್ಬಿಣದ್ದೇ ಬೇಕು. ಹೈಡ್ರೋಜನ್ ಅನಿಲ ಬರುವುದರಿಂದ ಮುಚ್ಚಳ ಬಿಗಿಯಬೇಡಿ, ಒಲೆಯ ಹತ್ತಿರ ಇಡಬೇಡಿ. ವಾರ ಹತ್ತು ದಿನದಲ್ಲಿ ಕಬ್ಬಿಣ ಕರಗುತ್ತದೆ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಮೊದಲು ತುಂಡು ತೊಗಲಿಗೆ ಹಚ್ಚಿ ನೋಡಿ. ಬೂದಿ ಬಣ್ಣ ಕಂಡು, ಕಣ್ಣೆದುರೇ ಕಪ್ಪಾಗುತ್ತ ಹೋಗುತ್ತದೆ. ಬೂದಿಯಲ್ಲೇ ನಿಂತರೆ ಟ್ಯಾನಿನ್ ಸಾಲದು. ಗಟ್ಟಿ ಚಹಾ ಡಿಕಾಕ್ಷನ್ ಹಚ್ಚಿ, ಮತ್ತೆ ಕಬ್ಬಿಣದ ನೀರು ಕೊಡಿ.

ತೊಗಲಿನಲ್ಲಿ ಉಳಿದ ವಿನೆಗರಿನ ಹುಳಿ ಅದನ್ನು ಕೆಡಿಸುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಒರೆಸಿ, ಶುದ್ಧ ನೀರಲ್ಲಿ ತೊಳೆಯಿರಿ. ಸೋಡಾ ಹೆಚ್ಚಾದರೆ ತೊಗಲು ಬಿರಿಯುತ್ತದೆ, ಜೋಪಾನ. ತೇವ ಪೂರ್ತಿ ಆರುವ ಮೊದಲೇ ನೀಟ್ಸ್‌ಫುಟ್ ಎಣ್ಣೆ (ದನದ ಕಾಲಿನ ಎಲುಬಿನಿಂದ ತೆಗೆದ ಎಣ್ಣೆ) ಸವರಿ. ಕಪ್ಪು ಆಗ ತುಂಬಿ ಬರುತ್ತದೆ.

ತೊಗಟೆಯ ಬದಲು ಕ್ರೋಮ್‌ನಲ್ಲಿ (ಕ್ರೋಮಿಯಂ ಲವಣದಲ್ಲಿ) ಹದ ಮಾಡಿದ ತೊಗಲಿಗೆ ಇದು ಹಿಡಿಯದು. ಅಂಚು ಕತ್ತರಿಸಿ ನೋಡಿ: ಒಳಗೆ ನೀಲಿ ಬೂದು ಕಂಡರೆ ಸ್ಪಿರಿಟ್ ಬಣ್ಣವೇ ಗತಿ.