ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳು

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒದ್ದೆ. ಚಿಕ್ಕಮಗಳೂರಿನಲ್ಲಿ ಪುನರ್ವಸು ಮಳೆ ಹಿಡಿದರೆ ಅಂಚೆಯಣ್ಣನ ಚೀಲವೂ ನೆನೆಯುತ್ತದೆ, ಅವನೂ ನೆನೆಯುತ್ತಾನೆ. ಒಂದು ಪತ್ರದ ಶಾಯಿ ಹರಡಿಹೋಗಿ ಭೂತಗನ್ನಡಿ ಹಿಡಿದು ಓದಬೇಕಾಯಿತು. ಅದನ್ನೇ ಮೊದಲು ಹಾಕಿದ್ದೇನೆ.

ಪ್ರಶ್ನೆ: ಅಕ್ಕ, ನಾನು ಬೇಲೂರು ತಾಲ್ಲೂಕಿನ ಒಂದು ಹಳ್ಳಿಯವಳು. ವಯಸ್ಸು 39. ಪಿಯುಸಿ ಅರ್ಧದಲ್ಲೇ ಮದುವೆ ಮಾಡಿದರು. ಮಕ್ಕಳಿಬ್ಬರೂ ಹಾಸನದ ಹಾಸ್ಟೆಲಿನಲ್ಲಿದ್ದಾರೆ. ಡೈರಿಗೆ ಹಾಲು ಹಾಕುವ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಏನೇನೋ ಬರೆಯುತ್ತಿದ್ದೆ. ಅಮ್ಮ ತೀರಿಕೊಂಡಿದ್ದು, ಅತ್ತೆ ಆಡಿದ ಮಾತು, ಹೀಗೆ. ಹೋದ ವರ್ಷ ಗೌರಿ ಹಬ್ಬಕ್ಕೆ ನೆಂಟರೆಲ್ಲ ಕೂತಿದ್ದಾಗ ನಮ್ಮ ಮನೆಯವರು ಅದನ್ನು ತೆಗೆದು ಗಟ್ಟಿಯಾಗಿ ಓದಿದರು. ಎಲ್ಲರೂ ನಕ್ಕರು. 'ಹಾಸನಕ್ಕೆ ಒಂದು ಬೂಕರ್ ಬಂದಾಯ್ತು, ಇನ್ನೊಂದು ನಮ್ಮ ಮನೆಗೇ' ಅಂದರು ಭಾವ. ಆಮೇಲೆ ಪೆನ್ನು ಹಿಡಿದರೆ ಕೈ ಓಡುವುದಿಲ್ಲ. ಹಿತ್ತಲಲ್ಲಿ ಮಣ್ಣು ಕೆದಕುವಾಗ ಮಾತ್ರ ಎದೆ ಹಗುರ ಆಗುತ್ತದೆ. ಇದು ತಪ್ಪಿಸಿಕೊಂಡು ಓಡುವುದು ಅಲ್ವಾ? ಮತ್ತೆ ಬರೆಯುವುದು ಹೇಗೆ? (ಅಮ್ಮನ ಮನೆಯಿಂದ ತಂದ ಬಸಳೆ ಈ ಸಲ ಚಪ್ಪರದ ತುಂಬ ಹಬ್ಬಿದೆ.)

ಉತ್ತರ: ಕೈ ಓಡುವುದಿಲ್ಲ ಅಂತ ನಾಲ್ಕು ಪುಟ ಬರೆದಿದ್ದೀರಿ! ಇಲ್ಲಿ ಹಾಕಿರುವುದು ಅದರಲ್ಲಿ ಕಾಲು ಭಾಗ ಅಷ್ಟೆ.

ಆ ನಗುವಿನ ವಿಷಯ ಮೊದಲು ಮುಗಿಸೋಣ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಬಟವಾಡೆ ಎಷ್ಟು ಅಂತ ಬರೆಯುವವರೆಗೆ ಆ ಪುಸ್ತಕ ಯಾರಿಗೂ ತಮಾಷೆ ಅನ್ನಿಸಿರಲಿಲ್ಲ. ಹಿಂದಿನ ಪುಟದಲ್ಲಿ ಮನೆಯವರ ಲೆಕ್ಕ ಶುರುವಾಯಿತು ನೋಡಿ, ಆಗ ನಗು ಬಂತು. ನನಗಂತೂ ಅದು ಹೆದರಿದವರ ನಗುವಿನ ಥರ ಕೇಳಿಸುತ್ತದೆ. ನಿಮ್ಮ ಯಜಮಾನರನ್ನು ಬಯ್ಯಲು ನನಗೆ ಈ ಪುಟ ಕೊಟ್ಟಿಲ್ಲ, ಆದರೂ ಹೇಳುತ್ತೇನೆ, ಕೇಳದೆ ಇನ್ನೊಬ್ಬರ ಬರಹ ತೆಗೆದು ಓದುವುದು ತಪ್ಪು, ತಮಾಷೆಗೆ ಓದಿದರೂ ತಪ್ಪು. ಇನ್ನು ನಿಮ್ಮ ಭಾವನಿಗೆ ಒಂದು ಮಾತು ತಿಳಿಸಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಬಾನು ಮುಷ್ತಾಕ್ ಅವರ ಕಥೆಗಳು ಒಂದೆರಡು ವರ್ಷದಲ್ಲಿ ಬರೆದವಲ್ಲ, 1990ರಿಂದ 2023ರವರೆಗೆ ಬರೆದವು. ಅಷ್ಟು ವರ್ಷ ಅವರು ಇದೇ ಹಾಸನದಲ್ಲೇ ಇದ್ದರು. ಆಗ ಯಾರ ಮನೆಯ ಹಬ್ಬದಲ್ಲೂ ಬೂಕರ್ ಸುದ್ದಿ ಇರಲಿಲ್ಲ.

ಕದ್ದು ಓದಿದವರು, ಕದ್ದು ಬರೆದವರು ನಮ್ಮಲ್ಲಿ ಬಹಳ ಮಂದಿ. ಹತ್ತೊಂಬತ್ತನೇ ಶತಮಾನದ ಬಂಗಾಳದಲ್ಲಿ ರಾಸಸುಂದರಿ ದೇವಿ ಎಂಬ ಗೃಹಿಣಿ ಇದ್ದರು. ಹೆಣ್ಣು ಓದಿದರೆ ಮನೆಗೆ ಕೇಡು ಎಂದು ನಂಬಿದ್ದ ಕಾಲ. ಗಂಡನ ಪುಸ್ತಕದಿಂದ ಒಂದು ಹಾಳೆ ಬಿಚ್ಚಿಕೊಂಡು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಮಗ ಅಕ್ಷರ ತಿದ್ದುತ್ತಿದ್ದ ತಾಳೆಗರಿ ಇನ್ನೊಂದು. ಒಲೆ ಮುಂದೆ ಕೂತು ಎರಡನ್ನೂ ಹೋಲಿಸಿ ಹೋಲಿಸಿ ಓದು ಕಲಿತರು, ಮೇಷ್ಟ್ರಿಲ್ಲ, ಸ್ಲೇಟಿಲ್ಲ. ಮುಂದೆ ತಮ್ಮ ಬದುಕಿನ ಕಥೆಯನ್ನೇ ಬರೆದರು, ಬಂಗಾಳಿಯ ಮೊದಲ ಆತ್ಮಕಥೆಗಳಲ್ಲಿ ಅದೊಂದು. ನಮ್ಮ ಕಡೆಯವರೇ ಬೇಕೆಂದರೆ ನಂಜನಗೂಡಿನ ತಿರುಮಲಾಂಬ, ಹುಟ್ಟಿದ್ದು 1887ರಲ್ಲಿ. ಚಿಕ್ಕ ವಯಸ್ಸಿಗೇ ಗಂಡ ಹೋದರು. ಮನೆಯೊಳಗೇ ಓದಿಕೊಂಡರು, ಕಾದಂಬರಿ ಬರೆದರು, ತಾವೇ ಪ್ರಕಟಿಸಿದರು, ಪತ್ರಿಕೆಯನ್ನೂ ನಡೆಸಿದರು. ಅವರ ಸುತ್ತ ನಕ್ಕವರು ಇರಲಿಲ್ಲ ಅಂದುಕೊಂಡಿರಾ?

ಈಗ ಮತ್ತೆ ಬರೆಯುವ ವಿಷಯ. ಅಮೆರಿಕದಲ್ಲಿ ಪೆನ್ನೆಬೇಕರ್ ಮತ್ತು ಬೀಲ್ ಎಂಬ ಇಬ್ಬರು ಸಂಶೋಧಕರು, 1986ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಕಾಲೇಜು ಹುಡುಗ ಹುಡುಗಿಯರ ಕೈಲಿ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಸಿದರು. ಕೆಲವರಿಗೆ ಮನಸ್ಸು ಕಲಕಿದ ಘಟನೆ, ಇನ್ನು ಕೆಲವರಿಗೆ ಸುಮ್ನೆ ಏನೋ ಒಂದು ವಿಷಯ. ನೋವನ್ನು ಬರೆದವರಿಗೆ ಬರೆದ ಕೂಡಲೇ ಮನಸ್ಸು ಇನ್ನೂ ಭಾರವಾಯಿತು. ಆದರೆ ಘಟನೆಯನ್ನೂ ಅದರಿಂದ ಆದ ಸಂಕಟವನ್ನೂ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋಗಿದ್ದು ಕಡಿಮೆ. ಆಮೇಲೆ ಬೇರೆಯವರು ಮಾಡಿದ ಪರೀಕ್ಷೆಗಳಲ್ಲಿ ಲಾಭ ಇದ್ದರೂ ಚಿಕ್ಕದೇ ಅಂತ ಕಂಡಿತು, ಮದ್ದು ಅಂತ ಹೇಳಿ ನಿಮಗೆ ಮಾರುವುದಿಲ್ಲ. ನನಗೆ ಅದರಲ್ಲಿ ಇಷ್ಟವಾಗಿದ್ದು ಬರೆದ ತಕ್ಷಣ ಭಾರ ಆಗುತ್ತದೆ ಎಂಬ ಮಾತು. ಮೊದಲ ದಿನ ಅತ್ತು ಪುಸ್ತಕ ಮುಚ್ಚಿದರೆ 'ನನ್ನ ಕೈಲಾಗದು' ಅಂತ ಬಿಡಬೇಡಿ. ಬರೆದದ್ದನ್ನು ಇಟ್ಟುಕೊಳ್ಳಲು ಹೆದರಿಕೆ ಇದ್ದರೆ ಸಂಜೆ ಬಚ್ಚಲ ಒಲೆಗೆ ಹಾಕಿ, ನೀರು ಕಾಯುತ್ತದೆ. ಬರೆದಿದ್ದಂತೂ ಆಯಿತಲ್ಲ.

ಹಿತ್ತಲು ಓಡಿಹೋಗುವ ಜಾಗವೋ ಅಂತ ಕೇಳಿದ್ದೀರಿ. ಇರಲಿ ಬಿಡಿ. ಓಡಿಹೋಗಲು ಒಂದು ಜಾಗ ಇಲ್ಲದ ಹೆಂಗಸರನ್ನು ನಾನು ಬಹಳ ನೋಡಿದ್ದೇನೆ. ನಮ್ಮ ಮನೆಯವರು ತೀರಿಕೊಂಡ ವರ್ಷ ನಾನು ಆರು ತಿಂಗಳು ಒಂದು ಪುಟ ಓದಲಿಲ್ಲ, ಒಂದು ಸಾಲು ಬರೆಯಲಿಲ್ಲ. ಬಂದವರೆಲ್ಲ ಸಮಾಧಾನ ಹೇಳುವವರೇ. ಪಕ್ಕದ ಮನೆಯಾಕೆ ಮಾತ್ರ ಏನೂ ಹೇಳದೆ ಸೆರಗಿನಲ್ಲಿ ಸುತ್ತಿ ಮೂರು ಡೇರೆ (ಡೇಲಿಯಾ) ಹೂವಿನ ಗಡ್ಡೆ ತಂದು ಕೊಟ್ಟು ಹೋದರು. ಅವನ್ನು ನೆಟ್ಟೆ. ಆ ವರ್ಷ ಬಸವನಹುಳು ಎಳೆ ಚಿಗುರನ್ನೆಲ್ಲ ತಿಂದವು, ರಾತ್ರಿ ಟಾರ್ಚ್ ಹಿಡಿದು ಹುಳು ಆರಿಸಿ ಉಪ್ಪಿನ ಡಬ್ಬಿಗೆ ಹಾಕುತ್ತಿದ್ದೆ. ಅಷ್ಟು ಹೊತ್ತು ಬೇರೇನೂ ನೆನಪಾಗುತ್ತಿರಲಿಲ್ಲ. ಗಿಡಕ್ಕೆ ನನ್ನ ದುಃಖ ಗೊತ್ತಿರಲಿಲ್ಲ, ನೀರು ಬೇಕಿತ್ತು ಅಷ್ಟೆ. ಹೆಚ್ಚು ವಿವರಿಸಲು ನನಗೆ ಬರುವುದಿಲ್ಲ. ವಿವರಿಸುವವರೂ ಇದ್ದಾರೆ. ಉಲ್ರಿಚ್ ಎಂಬುವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಆಪರೇಷನ್ ಆಗಿ ಮಲಗಿದ್ದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಹೆಚ್ಚುಕಡಿಮೆ ಮುಕ್ಕಾಲು ದಿನ ಮುಂಚೆ ಮನೆಗೆ ಹೋದರಂತೆ. ನೋಡಿದ್ದಕ್ಕೇ ಅಷ್ಟು.

ನಿಮ್ಮ ಪತ್ರದ ಕೊನೆಗೆ ಕಂಸದೊಳಗೆ ಬಸಳೆ ಇಟ್ಟಿದ್ದೀರಿ. ಅಲ್ಲಿಂದಲೇ ಶುರುಮಾಡಿ. ಆ ಗೆಲ್ಲು ಯಾವ ವರ್ಷ ತಂದಿದ್ದು, ಅಮ್ಮ ಹೇಗೆ ಕಟ್ಟಿ ಕೊಟ್ಟರು, ಬಸ್ಸಿನಲ್ಲಿ ಬಾಡಿತ್ತಾ, ಎಷ್ಟು ಗಿಣ್ಣು ಬಿಟ್ಟು ಊರಿದಿರಿ. ಹಿತ್ತಲಿನ ಪ್ರತಿ ಗಿಡದ ಮುಂದೆ ಯಾರು ಕೊಟ್ಟಿದ್ದು ಎಂದು ಬರೆದು ನೋಡಿ. ಕೆಸು ಯಾರದು, ಒಂದೆಲಗ ಯಾರದು, ದೊಡ್ಡಪತ್ರೆ ಯಾರದು. ನಿಮ್ಮ ಯಜಮಾನರು ಮತ್ತೆ ತೆಗೆದು ಓದಿದರೂ ಗಿಡದ ಪಟ್ಟಿ ಓದಿ ನೆಂಟರೆದುರು ಎಷ್ಟು ಹೊತ್ತು ನಗುತ್ತಾರೆ? ಅಮ್ಮ ತೀರಿಕೊಂಡ ಕಥೆ ಆ ಪಟ್ಟಿಯೊಳಗೆ ತಾನಾಗೇ ಬರುತ್ತದೆ, ನೀವು ಕರೆಯಬೇಕಾಗಿಲ್ಲ.

ಒಂದು ವಿಷಯ ಮಾತ್ರ ಮರೆಯಬೇಡಿ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಸಾಕು ಅನ್ನಿಸಿದರೆ ಬಸಳೆಯೂ ಸಾಲದು, ಪುಸ್ತಕವೂ ಸಾಲದು. ಡಾಕ್ಟರ ಹತ್ತಿರ ಹೋಗಿ. 14416 ಸರ್ಕಾರದ ಟೆಲಿ ಮನಸ್ ನಂಬರು, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮೇಡಂ, ನಿಮ್ಮ ಅಂಕಣದಲ್ಲಿ ಹೋದ ತಿಂಗಳು 'ಕೈತೋಟ ಮಾಡುವುದೂ ಒಂದು ಪ್ರತಿಭಟನೆ' ಅಂತ ಬರೆದಿದ್ದೀರಿ. ತೊಂಡೆ ಬಳ್ಳಿ ಹಬ್ಬಿಸಿದರೆ ಯಾವ ಸರ್ಕಾರ ನಡುಗುತ್ತದೆ? ಇದೆಲ್ಲ ಜಾಗ ಇರುವವರ ಶೋಕಿ. — ಹಾಸನದ ಒಬ್ಬ ವಿದ್ಯಾರ್ಥಿ

ಉತ್ತರ: ಅರ್ಧ ಒಪ್ಪಿದೆ ತಮ್ಮಾ. ಯಾವ ಸರ್ಕಾರವೂ ನಡುಗುವುದಿಲ್ಲ. ಜಾಗದ ಮಾತೂ ನಿಜ. ಸಕಲೇಶಪುರದ ಕಡೆ, ನಮ್ಮ ಕಡೆ, ಕಾಫಿ ತೋಟದ ಕೂಲಿ ಲೈನುಗಳ (ಕೂಲಿಯವರ ಸಾಲುಮನೆಗಳ) ಹಿಂದೆ ಬಚ್ಚಲ ನೀರು ಹರಿಯುವ ಎರಡು ಮಾರು ಜಾಗದಲ್ಲಿ ಸೊಪ್ಪು, ಮೆಣಸು, ಕನಕಾಂಬರ ಬೆಳೆಯುವ ಹೆಂಗಸರಿದ್ದಾರೆ. ಆ ನೆಲ ಅವರದ್ದಲ್ಲ. ಕೆಲಸ ಹೋದ ದಿನ ಗಿಡವೂ ಹೋಯಿತು. ಅವರಿಗೆ ಬೇಕಾದದ್ದು ನಿವೇಶನ, ಹಕ್ಕುಪತ್ರ. 'ಗಿಡ ಬೆಳೆಸಿ ನೆಮ್ಮದಿ ಪಡೆಯಿರಿ' ಅಂತ ಅವರಿಗೆ ಹೇಳಲು ನನಗೆ ಬಾಯಿಲ್ಲ. ಹೋದ ತಿಂಗಳ ಆ ಸಾಲನ್ನು ಸ್ವಲ್ಪ ಜಾಸ್ತಿ ಜೋರಾಗಿ ಬರೆದೆ ಅಂತ ಈಗ ಅನ್ನಿಸುತ್ತದೆ.

ಇನ್ನರ್ಧ ಒಪ್ಪುವುದಿಲ್ಲ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನ ಕಥೆ ನಿನಗೆ ಗೊತ್ತಿರಬಹುದು, ಆದರೂ ಕೇಳು. ಮಂಡೇಲಾ ಜೈಲಿನ ಅಂಗಳದಲ್ಲಿ ಗಿಡ ಬೆಳೆಸಲು ಅನುಮತಿ ಕೇಳಿದರು. ವರ್ಷಗಟ್ಟಲೆ ಇಲ್ಲ ಅಂದರು, ಕೊನೆಗೆ ಗೋಡೆ ಪಕ್ಕ ಒಂದು ಸಣ್ಣ ಪಟ್ಟಿ ಕೊಟ್ಟರು. ಬರೀ ಕಲ್ಲು. ಆರಿಸಿ ತೆಗೆದು ಟೊಮೆಟೊ, ಮೆಣಸಿನಕಾಯಿ, ಈರುಳ್ಳಿ ಬೆಳೆದರು. ಕೈದಿಗಳು ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತಿದ್ದರು, ಆ ಜೈಲಿಗೆ ವಿಶ್ವವಿದ್ಯಾಲಯ ಅಂತಲೇ ಹೆಸರು ಬಿತ್ತು. 1970ರ ದಶಕದ ನಡುವೆ ಮಂಡೇಲಾ ರಾತ್ರಿ ಹೊತ್ತು ಕದ್ದು ಆತ್ಮಕಥೆ ಬರೆದರು. ಅದರ ಸಣ್ಣಕ್ಷರದ ಪ್ರತಿ ಮಾಡಿ 1976ರಲ್ಲಿ ಬಿಡುಗಡೆಯಾದ ಜೊತೆ ಕೈದಿ ಮ್ಯಾಕ್ ಮಹಾರಾಜ್ ಹೊರಗೆ ಸಾಗಿಸಿದರು. ಮೂಲ ಹಾಳೆಗಳನ್ನು ಕೋಕೋ ಡಬ್ಬಿಗಳಲ್ಲಿ ತುಂಬಿ ಅದೇ ಅಂಗಳದ ಮಣ್ಣಲ್ಲಿ ಹೂತಿದ್ದರು. ಗೋಡೆ ಕಟ್ಟಲು ಅಗೆದಾಗ ಸಿಕ್ಕಿಬಿತ್ತು. ಶಿಕ್ಷೆ ಏನು ಗೊತ್ತಾ? ಹೊಡೆತ ಅಲ್ಲ. ನಾಲ್ಕು ವರ್ಷ ಓದುವ ಅನುಮತಿ ಕಿತ್ತುಕೊಂಡರು, ಮಂಡೇಲಾ ಅವರದ್ದು, ಜೊತೆ ಕೈದಿಗಳಾದ ಸಿಸುಲು ಅವರದ್ದು, ಕತ್ರಾಡಾ ಅವರದ್ದು.

ಜೈಲಿನವರಿಗೆ ಓದು ಎಷ್ಟು ದೊಡ್ಡದು ಅಂತ ನಿನಗಿಂತ ಚೆನ್ನಾಗಿ ಗೊತ್ತಿತ್ತು. ತೊಂಡೆ ಬಳ್ಳಿಯೊಂದೇ ಸಾಕು ಅಂತ ನಾನೂ ಹೇಳಲಿಲ್ಲ. ಬೀದಿಗೂ ಹೋಗು. ಬಂದ ಮೇಲೆ ಬಳ್ಳಿಗೆ ನೀರು ಹಾಕು.

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರ ಎರಡು ಎಕರೆ ಕಾಫಿ ಇರುವವರು. ಮಗನಿಗೆ 15. ಮೇಷ್ಟ್ರೊಬ್ಬರು ಎಲ್ಲರ ಮುಂದೆ ಹೊಡೆದ ಮೇಲೆ ಶಾಲೆ ಕಡೆ ತಲೆ ಹಾಕಿಲ್ಲ. ಇಡೀ ದಿನ ಜೇನು ಅಂತ ತೋಟ ಸುತ್ತುತ್ತಾನೆ, ಮೊಬೈಲಿನಲ್ಲೂ ಅದೇ ನೋಡುತ್ತಾನೆ. ಹಾಳಾಗಿ ಹೋಗುತ್ತಾನಾ?

ಉತ್ತರ: ಹೊಡೆದ ಮೇಷ್ಟ್ರದ್ದು ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಹೊಡೆಯುವುದನ್ನೂ, ಮನಸ್ಸು ನೋಯಿಸುವುದನ್ನೂ ಬೇಡ ಅನ್ನುತ್ತದೆ. ಮಗನಿಗೆ ಈ ಮಾತನ್ನು ನೀವೇ ಬಾಯಿಬಿಟ್ಟು ಹೇಳಿದ್ದೀರಾ? ಹೇಳಿಲ್ಲದಿದ್ದರೆ ಇವತ್ತೇ ಹೇಳಿ, ಕಲಿಯುವುದು ಆಮೇಲೆ.

ಜೇನಿನ ಹಿಂದೆ ಹೋದವನು ಹಾಳಾಗುವುದಿಲ್ಲ, ಆದರೆ ಸುತ್ತುವುದಷ್ಟೇ ಆದರೆ ಕಲಿಕೆ ಅಲ್ಲ. ಅವನ ಕೈಗೆ ಒಂದು ಪುಸ್ತಕ ಕೊಡಿ. ತುಡುವೆ, ಹೆಜ್ಜೇನು, ಕೋಲುಜೇನು, ಯಾವುದು ಯಾವ ಹೂವಿಗೆ ಎಷ್ಟು ಹೊತ್ತಿಗೆ ಬಂತು ಎಂದು ಬರೆಯಲಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂ ಮಳೆ ಬಿದ್ದು ತೋಟ ಬೆಳ್ಳಗಾದಾಗ ಒಂದು ಪ್ರಶ್ನೆ ಕೇಳಿ: ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹಾಗಾದರೆ ಜೇನು ಯಾವುದಕ್ಕೆ ಹೆಚ್ಚು ಬೇಕು? ಆ ಒಂದು ಪ್ರಶ್ನೆಯಲ್ಲೇ ವಿಜ್ಞಾನವೂ ಇದೆ, ನಿಮ್ಮ ಫಸಲಿನ ಲೆಕ್ಕವೂ ಇದೆ. ಪಂಚಾಯಿತಿ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಅನ್ನುತ್ತಾರೆ, ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋಗಿ.

ಸರ್ಟಿಫಿಕೇಟಿನ ಚಿಂತೆ ನಿಮಗೆ ಇದ್ದೇ ಇರುತ್ತದೆ, ಬೇಡ ಅನ್ನಲಾರೆ. 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಎನ್‌ಐಒಎಸ್ ಅಂದರೆ ಗೊತ್ತಾಗುತ್ತದೆ. 14 ತುಂಬಿದವರು ಹತ್ತನೇ ತರಗತಿಗೆ ಸೇರಬಹುದು. ಒಂದೇ ಏಟಿಗೆ ಎಲ್ಲ ವಿಷಯ ಪಾಸಾಗಬೇಕಿಲ್ಲ, ಐದು ವರ್ಷದೊಳಗೆ ಒಂಬತ್ತು ಸಲ ಬರೆಯುವ ಅವಕಾಶ ಇದೆ. ಯಾವ ಮಾಧ್ಯಮ, ಎಷ್ಟು ಶುಲ್ಕ ಎಂದು ಸೇರುವ ಮೊದಲೇ ಕೇಳಿಕೊಳ್ಳಿ. ನಿರ್ಧಾರ ಅವನದ್ದೇ ಇರಲಿ, ಸ್ವಲ್ಪ ನಿಧಾನ ಮಾಡಿದರೂ ಪರವಾಗಿಲ್ಲ.

ಪ್ರಶ್ನೆ: ಹಾಸನದಲ್ಲಿ ಬಾಡಿಗೆ ಮನೆ, ಕುಂಡದಲ್ಲಿ ಡೇರೆ ಹಾಕಿದ್ದೆ. ಮೂರು ವಾರವಾದರೂ ಮೊಳಕೆ ಇಲ್ಲ. ಏಕೆ?

ಉತ್ತರ: ಮೆಲ್ಲಗೆ ಅಗೆದು ನೋಡಿ. ಗಡ್ಡೆಗೆ ಹಳೇ ಕಾಂಡದ ಕುತ್ತಿಗೆ ಅಂಟಿಕೊಂಡಿದೆಯಾ? ಕಣ್ಣು ಇರುವುದು ಅಲ್ಲಿ. ಕುತ್ತಿಗೆ ಮುರಿದ ಗಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರುವುದಿಲ್ಲ. ಕುತ್ತಿಗೆ ಇದ್ದೂ ಗಡ್ಡೆ ಮೆತ್ತಗಾಗಿದ್ದರೆ ನೀರು ಜಾಸ್ತಿಯಾಗಿ ಕೊಳೆತಿದೆ. ಚಿಗುರು ಕಾಣುವವರೆಗೆ ಮಣ್ಣು ಬರೀ ತೇವ ಇದ್ದರೆ ಸಾಕು, ಕುಂಡದ ತಳದ ತೂತು ಮುಚ್ಚಿರಬಾರದು. ಎಲ್ಲ ಹೋಗಿದ್ದರೆ ಚಿಂತೆ ಬೇಡ, ಗಿಡ ಒಣಗಿದ ಮೇಲೆ ನಮ್ಮಲ್ಲಿ ಗಡ್ಡೆ ಕೀಳುತ್ತೇವೆ, ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಬಣ್ಣ ಮಾತ್ರ ಕೇಳಬೇಡಿ, ನಾನು ಗುರುತು ಹಾಕಿಟ್ಟಿಲ್ಲ.